ವಾಣಿಜ್ಯ ವಿದ್ಯಾರ್ಥಿಗೆ ಮಾಹಿತಿ ವ್ಯವಸ್ಥೆಯ ಮೊದಲ ಪಾಠ: ಎಕ್ಸೆಲ್, ಟ್ಯಾಲಿ, ಡೇಟಾಬೇಸ್, ಇಆರ್‌ಪಿ – ಯಾವುದು ಮೊದಲು?

ಬಿ.ಕಾಂ. ಅಥವಾ ಬಿ.ಎಂ.ಎಸ್. ಮೊದಲ ವರ್ಷಕ್ಕೆ ಸೇರಿದ ಮುಂಬಯಿಯ ವಿದ್ಯಾರ್ಥಿಗಳು ದಾದರ್, ಠಾಣೆ, ಡೊಂಬಿವಲಿ ಯಾವ ಸ್ಟೇಷನ್ನಿನಿಂದ ಹೊರಬಂದರೂ ಕಣ್ಣಿಗೆ ಬೀಳುವುದು ಕ್ಲಾಸುಗಳ ಫಲಕಗಳು: ಜಿಎಸ್‌ಟಿ ಸಹಿತ ಟ್ಯಾಲಿ, ಅಡ್ವಾನ್ಸ್ಡ್ ಎಕ್ಸೆಲ್, ಸ್ಯಾಪ್ ಫೈಕೋ, ಡೇಟಾ ಅನಾಲಿಟಿಕ್ಸ್. ಮನೆಯಲ್ಲಿ ವಿಚಾರಿಸಿದರೆ ಹೋಟೆಲು ನಡೆಸುವ ದೊಡ್ಡಪ್ಪ ಲೆಕ್ಕಪತ್ರ ಇಡುವ ಸಾಫ್ಟ್‌ವೇರ್ ಆದ ಟ್ಯಾಲಿ ಸಾಕು ಎನ್ನುತ್ತಾರೆ, ಐಟಿ ಕಂಪನಿಯಲ್ಲಿರುವ ಸೋದರಮಾವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿ ಎನ್ನುತ್ತಾರೆ, ಸಹಕಾರಿ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಅಜ್ಜ ಮೊದಲು ಲೆಕ್ಕ ಬರೆಯುವುದನ್ನು ಕಲಿ ಎನ್ನುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಅಜ್ಜನ ಮಾತಿನಲ್ಲಿ ತುಸು ಹೆಚ್ಚೇ ಇದೆ. ಆದರೆ ಫಲಕಗಳು ಮಾರುತ್ತಿರುವುದು ಒಂದೊಂದು ಸಾಫ್ಟ್‌ವೇರಿನ ಬಳಕೆಯನ್ನು. ವಾಣಿಜ್ಯ ಓದುವವರಿಗೆ ಅದರ ಜೊತೆಗೆ ಇನ್ನೊಂದು ಬೇಕಾಗುತ್ತದೆ: ವ್ಯವಹಾರ ನಡೆದ ಕ್ಷಣದಿಂದ ಅದರ ವರದಿ ಮಾಲೀಕರ ಕೈಸೇರುವವರೆಗೆ ಮಾಹಿತಿ ಯಾರ ಯಾರ ಕೈ ದಾಟಿ, ಯಾವ ರೂಪ ತಾಳಿ ಸಾಗುತ್ತದೆ ಎಂಬ ತಿಳಿವಳಿಕೆ. ಆ ಪಯಣಕ್ಕೆ ಬೇಕಾದ ಜನ, ಕೆಲಸದ ಕ್ರಮ, ದತ್ತಾಂಶ, ಯಂತ್ರ, ಸಾಫ್ಟ್‌ವೇರ್ ಎಲ್ಲವೂ ಸೇರಿದ್ದು ಮಾಹಿತಿ ವ್ಯವಸ್ಥೆ.

ಹಾಗಾಗಿ ಇಲ್ಲಿನ ಹೋಲಿಕೆಯಲ್ಲಿ ಸಂಬಳ ಎಷ್ಟು, ಪ್ರಮಾಣಪತ್ರ ಯಾರದು ಎಂಬುದನ್ನು ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಪ್ರತಿಯೊಂದು ಆಯ್ಕೆಗೂ ಮೂರು ಪ್ರಶ್ನೆಗಳನ್ನು ಕೇಳಬಹುದು. ಒಂದೇ ಸಂಗತಿಯನ್ನು ಎಷ್ಟು ಕಡೆ ಬರೆಯಬೇಕಾಗುತ್ತದೆ? ಬರೆದದ್ದನ್ನು ಯಾರು ತಿದ್ದಬಹುದು, ತಿದ್ದಿದರೆ ಗುರುತು ಉಳಿಯುತ್ತದೆಯೇ? ಇದನ್ನು ಕಲಿತ ವಿದ್ಯಾರ್ಥಿ ನಾಳೆ ಬೇರೊಂದು ಸಾಫ್ಟ್‌ವೇರ್ ಎದುರಾದಾಗ ಅದರ ಒಳಗನ್ನು ಊಹಿಸಬಲ್ಲನೇ? ಮೂರನೆಯ ಪ್ರಶ್ನೆಗೆ ನಾನು ಹೆಚ್ಚು ತೂಕ ಕೊಟ್ಟಿದ್ದೇನೆ, ಏಕೆಂದರೆ ಸಾಫ್ಟ್‌ವೇರಿನ ಹೆಸರುಗಳು ಬದಲಾಗುತ್ತಲೇ ಇರುತ್ತವೆ.

ಉದಾಹರಣೆಗೆ ನಮ್ಮವರಿಗೆ ಚಿರಪರಿಚಿತವಾದ ವ್ಯವಹಾರವನ್ನೇ ತೆಗೆದುಕೊಳ್ಳೋಣ. ಉಪನಗರದಲ್ಲಿ ಒಂದು ಉಡುಪಿ ಹೋಟೆಲು ಇದೆಯೆಂದು ಊಹಿಸಿಕೊಳ್ಳಿ. ಒಂದು ಪ್ಲೇಟ್ ಇಡ್ಲಿ ಮಾರಾಟವಾಯಿತು. ಗಿರಾಕಿ ಮೇಜಿನ ಬಳಿ ಕುಳಿತು ತಿಂದು ಗಲ್ಲಾದಲ್ಲಿ ನಗದು ಕೊಟ್ಟಿರಬಹುದು, ಯುಪಿಐ ಮೂಲಕ ಪಾವತಿಸಿರಬಹುದು, ಅಥವಾ ಸ್ವಿಗ್ಗಿ, ಜೊಮ್ಯಾಟೊ ಮೂಲಕ ಮನೆಗೆ ತರಿಸಿಕೊಂಡಿರಬಹುದು. ಇಡ್ಲಿ ಒಂದೇ ಆದರೂ ಮಾಹಿತಿಯ ದೃಷ್ಟಿಯಿಂದ ಇವು ಮೂರು ಬೇರೆ ಬೇರೆ ಘಟನೆಗಳು. ಸಾಮಾನ್ಯ ಹೋಟೆಲಿನ ಊಟ ತಿಂಡಿಗೆ ಶೇಕಡಾ 5ರ ಜಿಎಸ್‌ಟಿ ಇದ್ದು, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಹೋಟೆಲು ಹಿಂಪಡೆಯುವಂತಿಲ್ಲ. ಆದರೆ 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ತಿಂಡಿಯ ಮೇಲಿನ ತೆರಿಗೆಯನ್ನು ಸರಕಾರಕ್ಕೆ ಕಟ್ಟುವ ಹೊಣೆ ಆ್ಯಪ್ ಕಂಪನಿಯದು. ನಗದು ಆ ಕ್ಷಣವೇ ಗಲ್ಲಾ ಸೇರುತ್ತದೆ, ಯುಪಿಐ ಹಣ ಬ್ಯಾಂಕಿಗೆ ಬರುತ್ತದೆ, ಆ್ಯಪ್‌ನ ಹಣ ಕಮಿಷನ್ ಕಳೆದು ಕೆಲವು ದಿನಗಳ ನಂತರ ಒಟ್ಟು ಮೊತ್ತವಾಗಿ ಬರುತ್ತದೆ. ಯಾವ ದಾರಿಯಿಂದ ಮಾರಾಟವಾಯಿತು ಎಂಬುದನ್ನು ದಾಖಲಿಸದ ಹೋಟೆಲು ತಿಂಗಳ ಕೊನೆಯಲ್ಲಿ ತನ್ನದೇ ಆದಾಯವನ್ನು ಹೊಂದಿಸಲಾಗದೆ ಕೂರುತ್ತದೆ.

ಎಕ್ಸೆಲ್: ಬೇಗ ಕೈಗೂಡುವ, ಬೇಗ ಕೈಮೀರುವ ದಾರಿ

ಎಕ್ಸೆಲ್ಲಿನಂಥ ಕಂಪ್ಯೂಟರ್ ಲೆಕ್ಕದ ಹಾಳೆ, ಅಂದರೆ ಇಂದಿನ ಸ್ಪ್ರೆಡ್‌ಶೀಟ್, ಹುಟ್ಟಿದ್ದೇ ವಾಣಿಜ್ಯ ವಿದ್ಯಾರ್ಥಿಯೊಬ್ಬನ ತಲೆಯಲ್ಲಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಓದುತ್ತಿದ್ದ ಡಾನ್ ಬ್ರಿಕ್ಲಿನ್, ಒಂದು ಅಂಕಿ ತಿದ್ದಿದರೆ ಇಡೀ ಹಲಗೆಯ ಲೆಕ್ಕವನ್ನು ಒರೆಸಿ ಬರೆಯಬೇಕಾದ ಕಷ್ಟವನ್ನು ಕಂಡು, ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಮಾರುಕಟ್ಟೆಗೆ ಬಂತು. ಎಕ್ಸೆಲ್ ಬಂದದ್ದು 1985ರಲ್ಲಿ, ಅದೂ ಮೊದಲು ಮ್ಯಾಕಿಂಟಾಷ್ ಕಂಪ್ಯೂಟರಿಗೆ. ‘ಹೀಗಾದರೆ ಏನಾಗುತ್ತದೆ’ ಎಂದು ಕೇಳಿನೋಡುವುದಕ್ಕೆ ಇವತ್ತಿಗೂ ಇದಕ್ಕಿಂತ ಸುಲಭವಾದ ಸಾಧನವಿಲ್ಲ. ಇಡ್ಲಿಯ ಬೆಲೆ ಐದು ರೂಪಾಯಿ ಏರಿಸಿ, ಮಾರಾಟ ಶೇಕಡಾ 8ರಷ್ಟು ಕುಸಿದರೆ ಲಾಭ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹತ್ತು ನಿಮಿಷದಲ್ಲಿ ನೋಡಬಹುದು. ಸೂತ್ರಗಳು, ಶರತ್ತಿನ ಮೊತ್ತ, ಬೇರೆ ಪಟ್ಟಿಯಿಂದ ಮಾಹಿತಿ ಹುಡುಕಿ ತರುವ ಲುಕಪ್, ಸಾಲುಗಳನ್ನು ಗುಂಪುಮಾಡಿ ಸಾರಾಂಶ ತೋರಿಸುವ ಪಿವಟ್ ಟೇಬಲ್ – ಇಷ್ಟನ್ನು ಕಲಿಯದೆ ಯಾವ ಕಚೇರಿಗೂ ಹೋಗುವಂತಿಲ್ಲ. ಅದರಾಚೆಯ ‘ಅಡ್ವಾನ್ಸ್ಡ್’ ಭಾಗದ ಬಹುಪಾಲು ಅಲಂಕಾರ.

ತೊಂದರೆ ಇರುವುದು ಎಕ್ಸೆಲ್ಲನ್ನು ದಾಖಲೆಯ ಉಗ್ರಾಣವಾಗಿ ಬಳಸುವಾಗ. ಯಾವ ಕೋಶದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ತಾರೀಖಿನ ಜಾಗದಲ್ಲಿ ಹೆಸರು ಬರೆದರೂ ಮಾಮೂಲಿ ಹಾಳೆ ತಕರಾರು ಮಾಡುವುದಿಲ್ಲ. 2020ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಸುಮಾರು 16,000 ಕೋವಿಡ್ ಪ್ರಕರಣಗಳನ್ನು ಸಕಾಲದಲ್ಲಿ ವರದಿ ಮಾಡಲಾಗದೆ ಹೋಯಿತು. ಪ್ರಯೋಗಾಲಯಗಳಿಂದ ಬಂದ ಪಟ್ಟಿಗಳನ್ನು ಎಕ್ಸೆಲ್ಲಿನ ಹಳೆಯ ಕಡತ ರೂಪದಲ್ಲಿ ತುಂಬಲಾಗುತ್ತಿತ್ತು. ಆ ರೂಪದಲ್ಲಿ ಒಂದು ಹಾಳೆಗೆ 65,536 ಸಾಲುಗಳ ಮಿತಿಯಿದ್ದು, ಮಿತಿ ಮೀರಿದವು ಸದ್ದಿಲ್ಲದೆ ಬಿಟ್ಟುಹೋದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ಹೊಸ ರೂಪದಲ್ಲಿ ಸಾಲುಗಳ ಮಿತಿ 10,48,576ಕ್ಕೆ ಏರಿದೆ ನಿಜ, ಆದರೆ ಇಲ್ಲಿ ಎಡವಿದ್ದು ಉಪಕರಣದ ಆಯ್ಕೆಯಲ್ಲಿ. ಇನ್ನೊಂದು ಪ್ರಸಂಗ ವಿದ್ಯಾರ್ಥಿಗಳಿಗೆ ಧೈರ್ಯ ಕೊಡುವಂಥದು: ಸರಕಾರಿ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಕುರಿತು ರೈನ್‌ಹಾರ್ಟ್ ಮತ್ತು ರೊಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಮಂಡಿಸಿದ ಲೆಕ್ಕದಲ್ಲಿ, ಸರಾಸರಿಯ ಸೂತ್ರ 20 ದೇಶಗಳ ಪೈಕಿ 5ನ್ನು ಬಿಟ್ಟುಬಿಟ್ಟಿದೆ ಎಂಬುದನ್ನು 2013ರಲ್ಲಿ ತೋರಿಸಿಕೊಟ್ಟವನು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. ಮೂಲ ಹಾಳೆಯನ್ನು ಕೇಳಿ ಪಡೆದು ಸೂತ್ರವನ್ನು ಕ್ಲಿಕ್ ಮಾಡಿ ನೋಡುವ ಅಭ್ಯಾಸವೇ ಅವನ ಬಂಡವಾಳವಾಗಿತ್ತು.

ಟ್ಯಾಲಿ: ಕೆಲಸ ಕೊಡಿಸುವ ಶಿಸ್ತು

ಟ್ಯಾಲಿ ನಮ್ಮ ಬೆಂಗಳೂರಿನದು. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಸಂಸ್ಥೆಯ ಈ ಸಾಫ್ಟ್‌ವೇರ್ ಇಂದು ಮಸ್ಜಿದ್ ಬಂದರಿನ ಸಗಟು ಅಂಗಡಿಯಿಂದ ಹಿಡಿದು ಲೆಕ್ಕಪರಿಶೋಧಕರ ಕಚೇರಿಯವರೆಗೆ ಎಲ್ಲ ಕಡೆ ಇದೆ. ಪಾವತಿಗೆ ಎಫ್-5, ಸ್ವೀಕೃತಿಗೆ ಎಫ್-6, ಮಾರಾಟಕ್ಕೆ ಎಫ್-8, ಖರೀದಿಗೆ ಎಫ್-9 ಎಂದು ಬೆರಳಿಗೆ ರೂಢಿಯಾದವರಿಗೆ ಮುಂಬಯಿಯಲ್ಲಿ ಒಂದಿಲ್ಲೊಂದು ಕಡೆ ಕೆಲಸ ಸಿಗುತ್ತದೆ. ತುರ್ತಾಗಿ ಸಂಪಾದನೆ ಬೇಕಾದವರು ಉಳಿದ ಹೋಲಿಕೆಯನ್ನು ಓದುತ್ತ ಕೂರದೆ ಮೊದಲು ಟ್ಯಾಲಿ ಕಲಿಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ.

ಮಾಹಿತಿ ವ್ಯವಸ್ಥೆಯ ಪಾಠವಾಗಿಯೂ ಅದಕ್ಕೆ ಬೆಲೆಯಿದೆ. ಒಂದು ವೋಚರ್ (ಒಂದು ವ್ಯವಹಾರದ ನಮೂದು) ಬರೆದರೆ ರೋಕಡ ಪುಸ್ತಕ, ಖಾತೆ, ತಾಳೆಪಟ್ಟಿ, ತೆರಿಗೆಯ ವರದಿ ಎಲ್ಲವೂ ತಾವಾಗಿಯೇ ಬದಲಾಗುತ್ತವೆ. ಒಂದೇ ಕಡೆ ಬರೆದು ಹಲವು ಕಡೆ ಓದುವ ಕ್ರಮ ಅಲ್ಲಿ ಕಣ್ಣಿಗೆ ಕಾಣುತ್ತದೆ. ಜಮೆ ಮತ್ತು ಖರ್ಚು ಹೊಂದದೆ ವೋಚರ್ ಮುಂದೆ ಹೋಗುವುದಿಲ್ಲ. ಜಿಎಸ್‌ಟಿ ಸಂಖ್ಯೆಯನ್ನು ಬಿಡಿಸಿ ನೋಡುವುದೂ ಒಂದು ಒಳ್ಳೆಯ ಅಭ್ಯಾಸ. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ನಂತರದ ಹತ್ತು ಪ್ಯಾನ್, ಕೊನೆಯದು ಬರವಣಿಗೆಯ ತಪ್ಪನ್ನು ಹಿಡಿಯುವ ತಾಳೆಯ ಅಕ್ಷರ. ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29, ಗೋವಾಕ್ಕೆ 30. ನಮ್ಮ ಹೋಟೆಲು ಚಿಕ್ಕಮಗಳೂರಿನಿಂದ ಕಾಫಿಪುಡಿ ತರಿಸಿದರೆ ಬಿಲ್ಲಿನಲ್ಲಿರುವ ಮಾರಾಟಗಾರರ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ, ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ ಬೀಳುತ್ತದೆ. ಮಾಟುಂಗಾದ ಅಂಗಡಿಯಿಂದ ತಂದರೆ ಕೇಂದ್ರದ ಸಿಜಿಎಸ್‌ಟಿ ಮತ್ತು ರಾಜ್ಯದ ಎಸ್‌ಜಿಎಸ್‌ಟಿ. ಎರಡೇ ಅಂಕಿಗಳು ತೆರಿಗೆಯ ಹಾದಿಯನ್ನು ನಿರ್ಧರಿಸುತ್ತವೆ. ಸಂಕೇತಗಳನ್ನು ಯೋಚಿಸಿ ರೂಪಿಸಿದರೆ ಎಷ್ಟು ಕೆಲಸ ಉಳಿಯುತ್ತದೆ ಎಂಬುದಕ್ಕೆ ತರಗತಿಯಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ತಿದ್ದುಪಡಿಯ ಪ್ರಶ್ನೆಗೂ ಇಲ್ಲಿ ಉತ್ತರವಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ಸಾಫ್ಟ್‌ವೇರ್ ಪ್ರತಿ ಬದಲಾವಣೆಯನ್ನೂ ತಾರೀಖು ಸಹಿತ ದಾಖಲಿಸಲೇಬೇಕು, ಆ ದಾಖಲಾತಿಯನ್ನು ನಿಲ್ಲಿಸುವಂತಿರಬಾರದು ಎಂಬ ನಿಯಮ ಜಾರಿಯಲ್ಲಿದೆ. ನಮ್ಮ ಹೋಟೆಲು ಪಾಲುದಾರಿಕೆಯದಾದರೆ ಈ ನಿಯಮ ಅದಕ್ಕೆ ಅನ್ವಯಿಸದು. ಅನ್ವಯಿಸದಿದ್ದರೂ ಪಾಲಿಸುವುದು ಜಾಣತನ, ವಿಶೇಷವಾಗಿ ಮಾಲೀಕರು ವರ್ಷದಲ್ಲಿ ಎರಡು ತಿಂಗಳು ಊರಿನಲ್ಲಿರುವವರಾದರೆ.

ಆದರೆ ಟ್ಯಾಲಿಯಲ್ಲಿ ವ್ಯವಸ್ಥೆಯನ್ನು ಯಾರೋ ಮೊದಲೇ ಕಟ್ಟಿಟ್ಟಿದ್ದಾರೆ. ಖಾತೆಯ ಹೆಸರು ಮತ್ತು ಗುಂಪು ಆರಿಸುವುದಷ್ಟೇ ವಿದ್ಯಾರ್ಥಿಯ ಪಾಲಿಗೆ ಉಳಿಯುವುದು. ಒಳಗೆ ಏನಿದೆ, ಏಕೆ ಹಾಗಿದೆ ಎಂಬುದು ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯುತ್ತದೆ.

ಡೇಟಾಬೇಸ್: ಹೆಚ್ಚಿನವರು ಬಿಟ್ಟು ಮುಂದೆ ಹೋಗುವ ಮೆಟ್ಟಿಲು

ಆ ಪೆಟ್ಟಿಗೆಯನ್ನು ತೆರೆಯುವುದು ಡೇಟಾಬೇಸ್. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ, ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಇಡಬೇಕೆಂಬ ಸಿದ್ಧಾಂತವನ್ನು ಮಂಡಿಸಿದರು. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ನಾಲ್ಕು ವರ್ಷಗಳ ನಂತರ ಪ್ರಕಟಿಸಿದ ಪ್ರಶ್ನಾಭಾಷೆಯೇ ಇಂದಿನ ಎಸ್‌ಕ್ಯೂಎಲ್. ಐವತ್ತು ವರ್ಷ ದಾಟಿದರೂ ಬ್ಯಾಂಕು, ವಿಮೆ, ಷೇರುಪೇಟೆಗಳ ದೊಡ್ಡ ಪಾಲು ಈ ಅಡಿಪಾಯದ ಮೇಲೆಯೇ ನಿಂತಿದೆ. ಕಲಿಯಲು ದುಬಾರಿ ಯಂತ್ರ ಬೇಡ: ಎಸ್‌ಕ್ಯೂಲೈಟ್ ಉಚಿತ, ಸರ್ವರ್ ಇಲ್ಲದೆ ಒಂದೇ ಕಡತದಲ್ಲಿ ನಡೆಯುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ನಮ್ಮ ಹೋಟೆಲಿಗೆ ಕೋಷ್ಟಕಗಳನ್ನು ಬರೆಯಲು ಕುಳಿತರೆ ಮೊದಲ ಗಂಟೆಯಲ್ಲೇ ಕಷ್ಟದ ಪ್ರಶ್ನೆಗಳು ಏಳುತ್ತವೆ. ತಿಂಡಿಗಳಿಗೆ ಒಂದು ಕೋಷ್ಟಕ, ಬಿಲ್ಲುಗಳಿಗೆ ಒಂದು, ಬಿಲ್ಲಿನ ಒಳಗಿನ ಸಾಲುಗಳಿಗೆ ಇನ್ನೊಂದು. ಇಡ್ಲಿಯ ಬೆಲೆಯನ್ನು ಎಲ್ಲಿ ಬರೆಯಬೇಕು? ಒಂದೇ ಕಡೆ ಬರೆಯಬೇಕೆಂದು ಈಗಷ್ಟೇ ಕಲಿತ ವಿದ್ಯಾರ್ಥಿ ತಿಂಡಿಗಳ ಕೋಷ್ಟಕದಲ್ಲಿ ಎನ್ನುತ್ತಾನೆ. ಮುಂದಿನ ತಿಂಗಳು ಬೆಲೆ 40ರಿಂದ 45ಕ್ಕೆ ಏರಿದಾಗ ಕಳೆದ ವರ್ಷದ ಮಾರಾಟವೂ 45ರ ಲೆಕ್ಕದಲ್ಲಿ ತೋರಿಸಲು ಶುರುವಾಗುತ್ತದೆ. ಹಾಗಾದರೆ ಬಿಲ್ಲಿನ ಸಾಲಿನಲ್ಲೂ ಬೆಲೆ ಬರೆಯಬೇಕು. ಇದು ಪುನರಾವರ್ತನೆಯಲ್ಲವೇ? ಅಲ್ಲ, ತಿಂಡಿಗಳ ಕೋಷ್ಟಕದಲ್ಲಿರುವುದು ಇವತ್ತಿನ ದರ, ಬಿಲ್ಲಿನಲ್ಲಿರುವುದು ಅಂದು ಗಿರಾಕಿ ಕೊಟ್ಟ ದರ. ಮೊದಲನೆಯದು ಬದಲಾಗಬಹುದಾದ ನಿರ್ಧಾರ, ಎರಡನೆಯದು ನಡೆದುಹೋದ ಘಟನೆ. ಈ ವ್ಯತ್ಯಾಸವನ್ನು ಒಮ್ಮೆ ಗ್ರಹಿಸಿದವರಿಗೆ ಬ್ಯಾಂಕಿನ ಬಡ್ಡಿದರದ ಪಟ್ಟಿ, ವಿಮೆಯ ಕಂತು, ಉದ್ಯೋಗಿಯ ಸಂಬಳದ ಇತಿಹಾಸ ಎಲ್ಲವೂ ಒಂದೇ ಜಾತಿಯ ಸಮಸ್ಯೆಗಳಾಗಿ ಕಾಣತೊಡಗುತ್ತವೆ.

ಸರಬರಾಜುದಾರರ ಕೋಷ್ಟಕವೂ ಅಷ್ಟೇ ಚೆನ್ನಾಗಿ ಪಾಠ ಹೇಳುತ್ತದೆ. ಹೆಸರನ್ನೇ ಗುರುತಾಗಿ ಇಟ್ಟುಕೊಂಡರೆ ‘ಗಣೇಶ್ ಟ್ರೇಡರ್ಸ್’, ‘ಗಣೇಶ ಟ್ರೇಡರ್’ ಎಂದು ಒಬ್ಬರೇ ಇಬ್ಬರಾಗುತ್ತಾರೆ. ಜಿಎಸ್‌ಟಿ ಸಂಖ್ಯೆಯನ್ನು ಇಟ್ಟುಕೊಳ್ಳೋಣವೆಂದರೆ ಬೆಳಗ್ಗೆ ಬಾಳೆಎಲೆ, ಕೊತ್ತಂಬರಿಸೊಪ್ಪು ತಂದುಕೊಡುವವರಿಗೆ ಆ ಸಂಖ್ಯೆಯೇ ಇಲ್ಲ. ಕೊನೆಗೆ ಹೋಟೆಲೇ ತನ್ನದೊಂದು ಕ್ರಮಸಂಖ್ಯೆ ಕೊಡಬೇಕಾಗುತ್ತದೆ. ರದ್ದಾದ ಬಿಲ್ಲನ್ನು ಅಳಿಸಬೇಕೇ, ರದ್ದು ಎಂದು ಗುರುತಿಸಿ ಉಳಿಸಬೇಕೇ? ಅಳಿಸಿದರೆ ಕ್ರಮಸಂಖ್ಯೆಯಲ್ಲಿ ಬಿರುಕು ಬೀಳುತ್ತದೆ, ಗಲ್ಲಾದಲ್ಲಿ ಕುಳಿತವರ ಮೇಲೆ ಅನುಮಾನ ಮೂಡುತ್ತದೆ. ಉಳಿಸಿದರೆ ಯಾವ ವೇಳೆಯಲ್ಲಿ, ಯಾರ ಕೈಯಲ್ಲಿ ಹೆಚ್ಚು ಬಿಲ್ಲುಗಳು ರದ್ದಾಗುತ್ತಿವೆ ಎಂಬುದು ಒಂದೇ ಪ್ರಶ್ನೆಗೆ ಸಿಗುತ್ತದೆ.

ಯುಪಿಐ ಹಣವನ್ನು ಹೊಂದಿಸುವಾಗ ಈ ವಿದ್ಯೆ ಫಲ ಕೊಡುತ್ತದೆ. ಯುಪಿಐ ನಡೆಸುವ ಎನ್‌ಪಿಸಿಐ ಇರುವುದು ನಮ್ಮ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ. 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಪ್ರತಿ ಪಾವತಿಗೂ ತನ್ನದೇ ಉಲ್ಲೇಖ ಸಂಖ್ಯೆಯಿದೆ. ಗಲ್ಲಾದ ಮೇಲೆ ಅಂಟಿಸಿದ ಸ್ಥಿರ ಕ್ಯೂಆರ್ ಸ್ಟಿಕ್ಕರಿಗೆ ಹಣ ಬಂದರೆ ಅದು ಯಾವ ಬಿಲ್ಲಿನದೆಂದು ಬ್ಯಾಂಕಿಗೂ ತಿಳಿಯದು, ಹೋಟೆಲಿಗೂ ತಿಳಿಯದು. ಪಾವತಿ ಬಂದಾಗ ಕೂಗುವ ಧ್ವನಿ ಡಬ್ಬಿ ಹೇಳಿದ ಮೊತ್ತವನ್ನು ಕ್ಯಾಷಿಯರ್ ನಂಬಬೇಕು, ಅಷ್ಟೇ. ಬಿಲ್ಲಿನ ಜೊತೆಗೇ ಮೂಡುವ ಕ್ಯೂಆರ್‌ನಲ್ಲಿ ಮೊತ್ತವೂ ಬಿಲ್ಲಿನ ಉಲ್ಲೇಖವೂ ಅಡಗಿರುವುದರಿಂದ ಬಿಲ್ಲುಗಳ ಕೋಷ್ಟಕವನ್ನೂ ಬ್ಯಾಂಕಿನ ಪಟ್ಟಿಯನ್ನೂ ಜೋಡಿಸಿ, ಹೊಂದದೆ ಉಳಿದವುಗಳನ್ನು ಮಾತ್ರ ಹೊರತೆಗೆಯಬಹುದು. ಎರಡೂ ಕಡೆ ಬಳಕೆಯಾಗುವ ತಂತ್ರಜ್ಞಾನ ಬಹುಮಟ್ಟಿಗೆ ಒಂದೇ. ಮೊದಲನೆಯ ಕಡೆ ಪಾವತಿಯನ್ನೂ ಬಿಲ್ಲನ್ನೂ ಬೆಸೆಯುವ ಕೊಂಡಿ ಇಲ್ಲ. ತಂತ್ರಜ್ಞಾನ ಬೇರೆ, ಮಾಹಿತಿ ವ್ಯವಸ್ಥೆ ಬೇರೆ ಎಂದು ಪಠ್ಯಪುಸ್ತಕ ಒಂದು ಅಧ್ಯಾಯದಲ್ಲಿ ಹೇಳುವುದನ್ನು ಈ ಎರಡು ಕ್ಯೂಆರ್‌ಗಳು ಅಕ್ಕಪಕ್ಕದಲ್ಲಿ ನಿಂತು ತೋರಿಸುತ್ತವೆ.

ಇದರ ದೌರ್ಬಲ್ಯವನ್ನೂ ಹೇಳಬೇಕು. ಎಸ್‌ಕ್ಯೂಎಲ್ ಮಾತ್ರ ಬಲ್ಲ ಬಿ.ಕಾಂ. ಪದವೀಧರರನ್ನು ಲೆಕ್ಕಪತ್ರದ ಕೆಲಸಕ್ಕೆ ಕರೆಯುವವರು ಕಡಿಮೆ. ಮೊದಲ ಕೆಲವು ವಾರಗಳಲ್ಲಿ ಕಣ್ಣಿಗೆ ಕಟ್ಟುವಂಥ ಫಲವೂ ಕಾಣುವುದಿಲ್ಲ. ಎಕ್ಸೆಲ್ಲಿನ ಚಾರ್ಟು ಕೊಡುವ ಖುಷಿ ಇಲ್ಲಿಲ್ಲ.

ಇಆರ್‌ಪಿ: ದೊಡ್ಡ ಮನೆಯ ಬಾಗಿಲು

ಖರೀದಿ, ಉಗ್ರಾಣ, ಮಾರಾಟ, ಸಂಬಳ, ಲೆಕ್ಕಪತ್ರ ಎಲ್ಲ ವಿಭಾಗಗಳನ್ನೂ ಒಂದೇ ದತ್ತಾಂಶದ ಮೇಲೆ ನಡೆಸುವುದು ಇಆರ್‌ಪಿ. ಐಬಿಎಂ ಬಿಟ್ಟುಬಂದ ಐವರು 1972ರಲ್ಲಿ ಜರ್ಮನಿಯಲ್ಲಿ ಸ್ಥಾಪಿಸಿದ ಸ್ಯಾಪ್ ಈ ಕ್ಷೇತ್ರದ ಹಿರಿಯ. ಮುಂಬಯಿಯಲ್ಲಿ ದೊಡ್ಡ ಕಂಪನಿಗಳ ಪ್ರಧಾನ ಕಚೇರಿಗಳು ಹೆಚ್ಚಾಗಿರುವುದರಿಂದ ಸ್ಯಾಪ್ ಬಲ್ಲವರಿಗೆ ಇಲ್ಲಿ ಬೇಡಿಕೆಯಿದೆ ಎಂಬುದು ಸುಳ್ಳಲ್ಲ. ಆದರೆ ಆ ಬೇಡಿಕೆ ಹೆಚ್ಚಾಗಿ, ಕಂಪನಿಯೊಂದರಲ್ಲಿ ಖರೀದಿಯ ಕಡತ ಹೇಗೆ ಚಲಿಸುತ್ತದೆಂದು ಕಂಡವರಿಗೆ. ಖರೀದಿ ಆದೇಶ, ಮಾಲು ಬಂದ ಚೀಟಿ, ಸರಬರಾಜುದಾರರ ಬಿಲ್ಲು – ಈ ಮೂರೂ ತಾಳೆಯಾದ ನಂತರವೇ ಹಣ ಬಿಡುಗಡೆಯಾಗಬೇಕೆಂಬ ನಿಯಮ ಇಆರ್‌ಪಿಯ ಜೀವಾಳ. ಮಾಲನ್ನೇ ಎಣಿಸಿ ನೋಡದ ವಿದ್ಯಾರ್ಥಿಗೆ ಅದು ಬರೀ ಪರದೆಯ ಮೇಲಿನ ಮೂರು ಪುಟ.

ಪದವಿಯ ಹಂತದಲ್ಲಿ ಇದರ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ ಅದು ಸೋಲುವ ಬಗೆ. ಅಮೆರಿಕದ ಚಾಕೊಲೇಟ್ ತಯಾರಕ ಹರ್ಷೀಸ್ 1999ರಲ್ಲಿ ಹೊಸ ವ್ಯವಸ್ಥೆಯನ್ನು ಅವಸರದಿಂದ, ಹ್ಯಾಲೋವೀನ್ ಹಬ್ಬದ ಬೇಡಿಕೆ ಏರುವ ಹೊತ್ತಿಗೇ ಚಾಲೂ ಮಾಡಿತು. ಉಗ್ರಾಣದಲ್ಲಿ ಮಿಠಾಯಿ ಇದ್ದರೂ ಸುಮಾರು 10 ಕೋಟಿ ಡಾಲರ್ ಮೌಲ್ಯದ ಬೇಡಿಕೆಯನ್ನು ಪೂರೈಸಲಾಗಲಿಲ್ಲ. ಪ್ರಯೋಗ ಮಾಡಿ ನೋಡಬಯಸುವವರು ದುಬಾರಿ ಶುಲ್ಕ ಕಟ್ಟಬೇಕಿಲ್ಲ. ಮುಂಬಯಿಯಲ್ಲೇ ಹುಟ್ಟಿದ ಫ್ರಾಪ್ಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ. ಅದರಲ್ಲಿ ನಮ್ಮ ಹೋಟೆಲಿಗೆ ಐವತ್ತು ಕಿಲೋ ಅಕ್ಕಿಯ ಆದೇಶ ಹಾಕಿ, ನಲವತ್ತೆಂಟು ಕಿಲೋ ಬಂದಿದೆಯೆಂದು ಬರೆದು, ಐವತ್ತಕ್ಕೆ ಬಿಲ್ಲು ತಂದರೆ ವ್ಯವಸ್ಥೆ ಎಲ್ಲಿ ತಡೆಯುತ್ತದೆ, ಎಲ್ಲಿ ತಡೆಯುವುದಿಲ್ಲ ಎಂದು ನೋಡುವುದು ಒಂದು ಮಧ್ಯಾಹ್ನದ ಕೆಲಸ.

ಪೈಥಾನ್ ಕುರಿತು ಹೆಚ್ಚು ಹೇಳುವುದಿಲ್ಲ. ಅದು ಒಳ್ಳೆಯ ಭಾಷೆ, ಆದರೆ ಡೇಟಾಬೇಸ್ ತಿಳಿಯದೆ ಅದಕ್ಕೆ ಹೋದವರು ಎಕ್ಸೆಲ್ ಕಡತಗಳನ್ನೇ ಇನ್ನಷ್ಟು ವೇಗವಾಗಿ ಓದುತ್ತಾರೆ. ಕೃತಕ ಬುದ್ಧಿಮತ್ತೆಯ ಸಹಾಯಕರು ಎಸ್‌ಕ್ಯೂಎಲ್ ಬರೆದುಕೊಡುತ್ತಾರೆ ಎಂಬ ಮಾತೂ ನಿಜ. ಬರೆದುಕೊಟ್ಟ ಉತ್ತರದಲ್ಲಿ ರದ್ದಾದ ಬಿಲ್ಲುಗಳ ಮೊತ್ತ ಸೇರಿಕೊಂಡಿದೆಯೇ ಎಂದು ಕೇಳುವವರು ಬೇಕು.

ಯಾರಿಗೆ ಯಾವ ಕ್ರಮ

ಮೂರು ವರ್ಷ ಕೈಯಲ್ಲಿರುವ ವಿದ್ಯಾರ್ಥಿಗೆ ನನ್ನ ಸಲಹೆ ಹೀಗಿದೆ: ಮೊದಲ ಸೆಮಿಸ್ಟರಿನಲ್ಲಿ ಎಕ್ಸೆಲ್ಲಿನ ಮೂಲಾಂಶ, ಎರಡನೆಯದರಲ್ಲಿ ಒಂದು ಸಣ್ಣ ವ್ಯವಹಾರಕ್ಕೆ ಕೋಷ್ಟಕಗಳನ್ನು ಕಟ್ಟಿ ಎಸ್‌ಕ್ಯೂಎಲ್, ಎರಡನೆಯ ವರ್ಷದಲ್ಲಿ ಟ್ಯಾಲಿ. ಇಆರ್‌ಪಿ ಉದ್ಯೋಗ ಸೇರಿದ ನಂತರ, ಸಾಧ್ಯವಾದರೆ ಕಂಪನಿಯ ಖರ್ಚಿನಲ್ಲಿ. ಟ್ಯಾಲಿಗಿಂತ ಮೊದಲು ಡೇಟಾಬೇಸ್ ಎಂಬುದು ಕ್ಲಾಸಿನವರು ಹೇಳುವ ಕ್ರಮಕ್ಕೆ ವಿರುದ್ಧವಾದರೂ, ಕೋಷ್ಟಕ ಕಟ್ಟಿದವರು ಟ್ಯಾಲಿಯನ್ನು ಅರ್ಧ ಸಮಯದಲ್ಲಿ ಹಿಡಿಯುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದ ಬಿ.ಕಾಂ. ಕೊನೆಯ ವರ್ಷದಲ್ಲಿ ಬಹುಕಾಲ ಇದ್ದ ಕಂಪ್ಯೂಟರ್ ಸಿಸ್ಟಮ್ಸ್ ಪತ್ರಿಕೆಯಲ್ಲಿ ಸ್ಪ್ರೆಡ್‌ಶೀಟ್ ಮತ್ತು ಮೈಎಸ್‌ಕ್ಯೂಎಲ್ ಎರಡೂ ಇದ್ದವು. ಅಂಥ ಐಚ್ಛಿಕ ವಿಷಯ ನಿಮ್ಮ ಕಾಲೇಜಿನಲ್ಲಿ ಸಿಗುವುದಾದರೆ ಅಂಕಗಳ ಲೆಕ್ಕಾಚಾರ ಬದಿಗಿಟ್ಟು ಅದನ್ನೇ ತೆಗೆದುಕೊಳ್ಳಿ.

ಸಿಎ ಹಾದಿ ಹಿಡಿದವರಿಗೆ ಟ್ಯಾಲಿ ಆರ್ಟಿಕಲ್‌ಶಿಪ್ಪಿನಲ್ಲಿ (ಲೆಕ್ಕಪರಿಶೋಧಕರ ಕೈಕೆಳಗಿನ ತರಬೇತಿಯಲ್ಲಿ) ತಾನಾಗಿಯೇ ಬರುತ್ತದೆ, ಸಿಎ ಸಂಸ್ಥೆಯ ಕಡ್ಡಾಯ ಮಾಹಿತಿ ತಂತ್ರಜ್ಞಾನ ತರಬೇತಿಯೂ ಇದೆ. ಅವರು ಬಿಡುವಿನ ವೇಳೆಯನ್ನು ಎಸ್‌ಕ್ಯೂಎಲ್‌ಗೆ ಕೊಟ್ಟರೆ ಮುಂದೆ ಮಾಹಿತಿ ವ್ಯವಸ್ಥೆಗಳ ಲೆಕ್ಕಪರಿಶೋಧನೆಯ ಅರ್ಹತೆಗೆ ನೆಲ ಹದವಾಗುತ್ತದೆ. ಮಹಾರಾಷ್ಟ್ರ ಸರಕಾರದ ನೌಕರಿಯತ್ತ ಕಣ್ಣಿಟ್ಟವರಿಗೆ ಹಲವು ಹುದ್ದೆಗಳಿಗೆ ಎಂಎಸ್-ಸಿಐಟಿ ಅಥವಾ ಅದಕ್ಕೆ ಸಮಾನವಾದ ಪ್ರಮಾಣಪತ್ರ ಬೇಕಾಗುತ್ತದೆ. ಅದು ಕಂಪ್ಯೂಟರಿನ ಸಾಕ್ಷರತೆ, ಮಾಹಿತಿ ವ್ಯವಸ್ಥೆಯ ಅಧ್ಯಯನವಲ್ಲ ಎಂಬುದು ತಿಳಿದಿರಲಿ. ಹಣ ಕೊಟ್ಟು ಕಲಿಯಲಾಗದವರಿಗೆ ಪವಾಯಿಯ ಐಐಟಿ ಬಾಂಬೆಯಲ್ಲಿ ರೂಪುಗೊಂಡ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿವೆ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರು ಈ ನಗರದಲ್ಲಿತ್ತು. ಅವರಿಗೆ ಇಂಥ ಪಾಠಗಳು ಸಿಕ್ಕಿದ್ದರೆ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಮನೆಯಲ್ಲೇ ಹೋಟೆಲು ಅಥವಾ ಅಂಗಡಿ ಇರುವವರಿಗೆ ಕ್ರಮ ಬೇರೆ. ಅವರು ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಒಂದು ತಿಂಗಳ ದತ್ತಾಂಶವನ್ನು ಹೊರತೆಗೆದು, ಅದನ್ನು ಬ್ಯಾಂಕಿನ ಪಟ್ಟಿಯೊಡನೆ ಹೊಂದಿಸುವುದರಿಂದಲೇ ಶುರುಮಾಡಬೇಕು. ದತ್ತಾಂಶ ಹೊರತೆಗೆಯಲು ಆ ಸಾಫ್ಟ್‌ವೇರ್ ಬಿಡುವುದಿಲ್ಲವೆಂದಾದರೆ ಮುಂದಿನ ವರ್ಷ ಅದನ್ನು ನವೀಕರಿಸಬೇಕೇ ಎಂದು ದೊಡ್ಡಪ್ಪನೊಡನೆ ಕುಳಿತು ಮಾತಾಡಬೇಕು.

ಯಾವ ಕ್ಲಾಸಿಗೆ ಸೇರುವ ಮೊದಲೂ ಶುಲ್ಕ ಕಟ್ಟುವ ಮುನ್ನ ಒಂದು ಪಾಠಕ್ಕೆ ಕುಳಿತುಕೊಳ್ಳಲು ಅನುಮತಿ ಕೇಳಿ. ರದ್ದಾದ ಬಿಲ್ಲನ್ನು ಇಲ್ಲಿ ಹೇಗೆ ದಾಖಲಿಸುತ್ತೀರಿ, ಹಳೆಯ ಬೆಲೆ ಎಲ್ಲಿ ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕಲಿಸುವವರ ಮುಂದಿಡಿ. ಯಾವ ಕೀಲಿ ಒತ್ತಬೇಕೆಂದು ಮಾತ್ರ ಹೇಳಿದರೆ ಅದು ಸಾಫ್ಟ್‌ವೇರ್ ತರಬೇತಿ. ಏಕೆ ಹಾಗೆ ಮಾಡಬೇಕೆಂದು ವಿವರಿಸಲು ಹಲಗೆಯತ್ತ ತಿರುಗಿದರೆ ಆ ಕ್ಲಾಸಿಗೆ, ಶುಲ್ಕ ಸ್ವಲ್ಪ ಹೆಚ್ಚಾದರೂ, ಸೇರಬಹುದು.